ತೊಂಬತ್ನಾಲ್ಕು ಮೀಟರು

ನಿಯಮ ಏಳು ಹೀಗಿದೆ:
ಮಸ್ಟರ್ ರೋಲಿನಲ್ಲಿ ಹೆಸರಿಲ್ಲದ ಯಾರೂ
ಗೇಟಿನಿಂದ ನೂರು ಮೀಟರಿನೊಳಗೆ
ಮಾತು, ಸನ್ನೆ, ಬರಹ, ಘೋಷಣೆ
ಅಥವಾ ಇನ್ನಾವುದೇ ರೀತಿಯಲ್ಲಿ
ಸಂಘದ ಚುನಾವಣೆಯ ಪ್ರಚಾರ ಮಾಡತಕ್ಕದ್ದಲ್ಲ.

ಬರೆದವನು ನಾನೇ. ಕಲಬುರಗಿಯ ಕಾರ್ಮಿಕ ಕಚೇರಿಯಲ್ಲಿ
ಫ್ಯಾನು ಕೆಟ್ಟ ಒಂದು ಮಧ್ಯಾಹ್ನ
ಹಳೆಯ ಫೈಲು ನೋಡಿ ಇಳಿಸಿಕೊಂಡದ್ದು.
'ಇನ್ನಾವುದೇ ರೀತಿಯಲ್ಲಿ' ಎಂಬುದಷ್ಟೇ ನನ್ನ ಸ್ವಂತದ್ದು.
ಬರೆದಾಗ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಈಗ ಸೇಡಂ ದಾರಿಯ ಸಿಮೆಂಟು ಫ್ಯಾಕ್ಟರಿಯ
ಎರಡನೇ ಗೇಟಿನ ಮುಂದೆ ನಿಂತಿದ್ದೇನೆ.
ಕಂಕುಳಲ್ಲಿ ಫೈಲು, ಕೈಯಲ್ಲಿ ಟೇಪು.
ಫೈಲಿನಲ್ಲಿ ಒಂದು ದೂರು:

"ಪ್ಯಾಕಿಂಗ್ ಹೌಸಿನ ನಿವೃತ್ತ ಲಾಡ್ಲೇಸಾಬ್
ನಮ್ಮ ವೀರಭದ್ರಪ್ಪನವರು ಮೈಕು ಹಿಡಿದಾಗಲೆಲ್ಲ
ಬೇಕಂತಲೇ ಕೆಮ್ಮುತ್ತಾರೆ.
ಭೀಮಶಾ ಮಾತಾಡುವಾಗ ಕೆಮ್ಮುವುದಿಲ್ಲ.
ಸದರಿ ಕೆಮ್ಮನ್ನು ಪ್ರಚಾರವೆಂದು ಪರಿಗಣಿಸಿ
ಕ್ರಮ ಜರುಗಿಸಬೇಕು."
ಕೆಳಗೆ ಹದಿನಾಲ್ಕು ಸಹಿ, ಒಂದು ಹೆಬ್ಬೆಟ್ಟು.

ಟೇಪಿನ ತುದಿಯನ್ನು ಗೇಟಿನ ಕಂಬಕ್ಕೆ ಒತ್ತಿ ಹಿಡಿದ
ವಾಚ್‌ಮನ್ ಹಣಮಂತ.
ನಾನು ಬಿಸಿಲಲ್ಲಿ ಹಿಂದೆ ಹಿಂದೆ ನಡೆದೆ:
ಪಂಕ್ಚರ್ ಅಂಗಡಿ, ಸುಸಲಾ ಮಿರ್ಚಿಯ ಬಂಡಿ,
ಬೂದಿ ಬಣ್ಣಕ್ಕೆ ತಿರುಗಿದ ಬೇವು.
ಮೂವತ್ತರ ಟೇಪು. ಮೂರು ಸಲ ಸೀಮೆಸುಣ್ಣದ ಗೆರೆ,
ನಾಲ್ಕನೆಯ ಸಲ ನಾಲ್ಕು ಮೀಟರಿಗೇ
ಬೆನ್ನಿಗೆ ಕಾದ ಶಹಾಬಾದಿ ಕಲ್ಲು ತಾಗಿತು.
ತೊಂಬತ್ನಾಲ್ಕು.

ಅಂದರೆ ಮನೆಯ ಮೊದಲ ಆರು ಮೀಟರು ನಿಯಮದೊಳಗೆ:
ಪಡಸಾಲೆ, ಹೊರಸು, ಹೊರಸಿನ ಮೇಲೆ ಲಾಡ್ಲೇಸಾಬ್.
ಆಚೆಗೆ ಅಡುಗೆಮನೆ, ನೀರಿನ ಡ್ರಮ್ಮು, ಒಂದು ಆಡು.

"ಬರ್ರಿ ಸಾಹೇಬ್ರ, ಒಳಗ ಬರ್ರಿ. ಜೈತುನ್, ಚಾ ಇಡು ಬೇಟಿ."

ಕೇಳಿದೆ: ವೀರಭದ್ರಪ್ಪನ ಮಾತಿಗೇ ಯಾಕೆ ಕೆಮ್ಮು?

"ಅವರ ಭಾಷಣ ಸಂಜಿ ನಾಕಕ್ಕ ಇರ್ತದ್ರಿ.
ನಾಕಕ್ಕೇ ಮಿಲ್ಲಿನ ಧೂಳ ಬಿಡ್ತಾರ.
ಭೀಮಶಾ ಮಾತಾಡೋದು ಮುಂಜಾನಿ ಏಳಕ್ಕ,
ಆವಾಗ ಗಾಳಿ ಕಾಗಿಣಾ ಹೊಳಿ ಕಡಿ ಹೋಗ್ತದ.
ಗಾಳಿ ಯಾವ ಪ್ಯಾನೆಲ್ಲಿಂದು ಅಂತ
ನನಗ ಹ್ಯಾಂಗ ಗೊತ್ತಾಗ್ಬೇಕ್ರಿ?"
ಅಂದು, ಕೆಮ್ಮಿ, ಕೈಯಾಡಿಸಿದ:
"ಇದು ಬರಕೋಬ್ಯಾಡ್ರಿ. ಇದು ಸುಮ್ನ ಬಂತು."

ಚಾ ತಂದವಳು ಸೊಸೆ.
ಬಳೆಗಳ ನಡುವೆ ಚರ್ಮದ ಮೇಲೆ ಬಿಳಿಯ ಹೊಪ್ಪಳಿಕೆ.
ಮಾವನ ಜಾಗದಲ್ಲೇ ಹನ್ನೊಂದು ವರ್ಷದಿಂದ ಕಸಬರಿಗೆ ಹಿಡಿದಿದ್ದಾಳೆ,
ಗುತ್ತಿಗೆಯಲ್ಲಿ. ಅವಳ ಹೆಸರಿರುವುದು
ಗುತ್ತಿಗೆದಾರನ ಅಂಗಿ ಜೇಬಿನ ಡೈರಿಯಲ್ಲಿ.
"ನಾ ಮಾತಾಡಬೌದೇನ್ರಿ, ಯಾರಿಗಿ ಹಾಕ್ರಿ ಅಂತ?"
ಗೇಟಿನ ಹತ್ತಿರ ಇಲ್ಲ, ಅಂದೆ.
"ಮನ್ಯಾಗ?"
ಟೇಪು ನೋಡಿ ಹೇಳಿದೆ: ಅಡುಗೆಮನೆಯಲ್ಲಿ ಅಡ್ಡಿಯಿಲ್ಲ.
"ಅಲ್ಲಿ ಕುಕ್ಕರಿನ ಸೀಟಿ ಒಂದೇ ಕೇಳ್ತದ್ರಿ,"
ಅಂದು ಕಪ್ಪು ತಗೊಂಡು ಹೋದಳು.

ಕಿಟಕಿಯಾಚೆ ಸುಸಲಾ ಬಂಡಿಯ ಬಳಿ
ಫೋರ್‌ಮನ್ ಚನ್ನಬಸಪ್ಪ ನಿಂತಿದ್ದ.
ನಿಯಮ ಒಂಬತ್ತು: ಮೇಲ್ವಿಚಾರಕರು ಪ್ರಚಾರ ಮಾಡತಕ್ಕದ್ದಲ್ಲ.
ಅವನು ಏನೂ ಮಾತಾಡುತ್ತಿರಲಿಲ್ಲ.
ಓವರ್‌ಟೈಮಿನ ಪುಸ್ತಕ ತೆರೆದು
ಎದುರು ನಿಂತವನ ಮುಖ ನೋಡಿ
ಪೆನ್ನಿನ ಕ್ಯಾಪು ತೆಗೆಯುತ್ತಿದ್ದ, ಮತ್ತೆ ಹಾಕುತ್ತಿದ್ದ.
ಅವನ ಮೇಲೆ ದೂರು ಬಂದಿಲ್ಲ.
ದೂರಿಲ್ಲದ್ದನ್ನು ನಾನು ಕಾಣುವ ಹಾಗಿಲ್ಲ.

ಕೊನೆಗೆ ನಾನೂ ಹಣಮಂತನೂ ಹೊರಸಿನ ನಾಲ್ಕು ಕಾಲು ಹಿಡಿದು
ಮುದುಕನನ್ನು ಅಡುಗೆಮನೆಗೆ ಸಾಗಿಸಿದೆವು.
ಆಡು ಎದ್ದು ಜಾಗ ಕೊಟ್ಟಿತು.
ಮತ್ತೆ ಅಳೆದೆ. ನೂರಾ ಒಂದು.
ಫೈಲಿನಲ್ಲಿ ಬರೆದೆ: ಕ್ರಮ ಜರುಗಿಸಲಾಗಿದೆ.

ನಾಲ್ಕು ಹೊಡೆಯಿತು. ಸೈರನ್ನು, ಆಮೇಲೆ ಮೈಕು,
"ಬಂಧುಗಳೇ" ಎಂದ ವೀರಭದ್ರಪ್ಪ.
ಚಿಕ್ಕ ಕೋಣೆಯ ಕಲ್ಲು ಕೊಡದ ಹಾಗೆ ತುಂಬಿಕೊಂಡು
ಕೆಮ್ಮು ಮೊದಲಿಗಿಂತ ದೊಡ್ಡದಾಗಿ ಬಂತು.
ಅವನು ಮಾತು ನಿಲ್ಲಿಸಿ ನನ್ನ ಕಡೆ ನೋಡಿದ.
ಎಲ್ಲರೂ ನೋಡಿದರು.

ನನ್ನ ಗಂಟಲಲ್ಲೂ ಏನೋ ಕೆರೆಯಿತು.
ನನ್ನ ಹೆಸರೂ ಮಸ್ಟರಿನಲ್ಲಿಲ್ಲ.
ಕರ್ಚೀಫು ಬಾಯಿಗೊತ್ತಿಕೊಂಡು
ಕೊನೆಯ ಗೆರೆ ದಾಟುವ ತನಕ
ಒಂದೊಂದೇ ಹೆಜ್ಜೆ ಎಣಿಸಿದೆ.